ಡೊಮಿನಿಕಾ: ಸದ್ದುಗದ್ದಲವಿಲ್ಲದ ದ್ವೀಪಕ್ಕೆ ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದೇ?

ಪ್ರಶ್ನೆ: ಅಟ್ಲಾಂಟಾದಿಂದ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರದ ನಮ್ಮ ಹಳ್ಳಿಯಿಂದ ಅಪ್ಪಯ್ಯ ಮತ್ತು ಅಮ್ಮ ಚಳಿಗಾಲ ಕಳೆಯಲು ನಮ್ಮಲ್ಲಿಗೆ ಬಂದಿದ್ದಾರೆ. ಅಪ್ಪಯ್ಯನಿಗೆ 68, ಅಮ್ಮನಿಗೆ 63. ತೋಟದಲ್ಲಿ ಓಡಾಡಿ ಅಭ್ಯಾಸವಾದವರು. ಇಲ್ಲಿ ಮನೆಯೊಳಗೇ ಕುಳಿತು ಇಬ್ಬರಿಗೂ ಬೇಸರ ಬಂದುಬಿಟ್ಟಿದೆ. ಫೆಬ್ರವರಿಯಲ್ಲಿ ಒಂದು ವಾರ ಕೆರಿಬಿಯನ್ ಕಡೆಗೆ ಕರೆದುಕೊಂಡು ಹೋಗೋಣವೆಂದುಕೊಂಡಿದ್ದೇನೆ. ಆದರೆ ದೊಡ್ಡ ರೆಸಾರ್ಟು, ಈಜುಕೊಳ, ರಾತ್ರಿಯಿಡೀ ಸಂಗೀತ ಇವೆಲ್ಲ ಅವರಿಗೆ ಹಿಡಿಸುವುದಿಲ್ಲ. ಸಂಜೆ ಜಗಲಿಯ ಮೇಲೆ ಕುಳಿತು ಮಳೆ ನೋಡುವುದೇ ಸುಖವೆನ್ನುವ ಜನ ಅವರು. ಹುಡುಕುತ್ತಾ ಹೋದಾಗ ಡೊಮಿನಿಕಾ ಎಂಬ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಅಲ್ಲಿ ನಿಜವಾಗಿಯೂ ಶಾಂತವಾಗಿದೆಯೇ, ಸಸ್ಯಾಹಾರಿಗಳು ಏನು ತಿನ್ನಬಹುದು, ಎಷ್ಟು ದಿನ ಬೇಕು ಎಂಬುದನ್ನು ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ: ಮಿಶಿಗನ್‌ನಿಂದ

ಟಿಕೆಟ್ ತೆಗೆಯುವಾಗ ಡೊಮಿನಿಕನ್ ರಿಪಬ್ಲಿಕ್‌ನೊಂದಿಗೆ ದಯವಿಟ್ಟು ಕಲಸಿಕೊಳ್ಳಬೇಡಿ. ನೀವು ಕೇಳುತ್ತಿರುವ ಡೊಮಿನಿಕಾ ಬೇರೆಯೇ ದೇಶ. ಗ್ವಾಡಲೂಪ್ ಮತ್ತು ಮಾರ್ಟಿನೀಕ್ ಎಂಬ ಎರಡು ಫ್ರೆಂಚ್ ದ್ವೀಪಗಳ ನಡುವೆ, ಸುಮಾರು 750 ಚದರ ಕಿಲೋಮೀಟರ್ ವಿಸ್ತಾರದಲ್ಲಿ, ಎಪ್ಪತ್ತು ಸಾವಿರದಷ್ಟು ಜನ ಬದುಕುತ್ತಿರುವ ನಾಡು ಅದು. ಆಡಳಿತದ ಭಾಷೆ ಇಂಗ್ಲಿಷ್, ಮನೆಮಾತು ಫ್ರೆಂಚ್ ಮೂಲದ ಕ್ವೆಯೋಲ್. ನಾನು ಮೊದಲ ಸಲ ಹೋದಾಗ ನನ್ನ ಒಂದು ಪೆಟ್ಟಿಗೆ ಈ ಹೆಸರಿನ ಗೊಂದಲದಿಂದಲೇ ಡೊಮಿನಿಕನ್ ರಿಪಬ್ಲಿಕ್‌ನ ರಾಜಧಾನಿ ಸಾಂಟೊ ಡೊಮಿಂಗೊಗೆ ಹೋಗಿ, ಹನ್ನೊಂದು ದಿನಗಳಾದ ಮೇಲೆ ಕೈಸೇರಿತು.

ಉತ್ತರದ ಪೋರ್ಟ್ಸ್‌ಮತ್ ಪಟ್ಟಣದಲ್ಲಿ ನಾನು ವೈದ್ಯಕೀಯ ಓದುತ್ತಿದ್ದೆ. ರಾಸ್ ವಿಶ್ವವಿದ್ಯಾಲಯ ಆಗ ಅಲ್ಲಿಯೇ ಇತ್ತು. ಭಾರತೀಯ ಮೂಲದ ವಿದ್ಯಾರ್ಥಿಗಳು ಸಾಕಷ್ಟು ಜನ ಇದ್ದೆವು. ಶಾಂತಿಯ ವಿಷಯ ಕೇಳಿದಿರಿ. ಅಲ್ಲಿನ ಶಾಂತಿ ಎಂದರೆ ಸದ್ದೇ ಇಲ್ಲವೆಂದಲ್ಲ. ಕತ್ತಲಾದ ಕೂಡಲೇ ಉಗುರುಗಾತ್ರದ ಕಪ್ಪೆಗಳು ಲೋಟಕ್ಕೆ ಚಮಚ ತಾಗಿಸಿದಂತೆ ಟಿಂಕ್ ಟಿಂಕ್ ಎನ್ನತೊಡಗುತ್ತವೆ, ತಗಡಿನ ಮಾಡಿನ ಮೇಲೆ ಮಳೆ ಬಂದು ಹೋಗುತ್ತಲೇ ಇರುತ್ತದೆ, ಎಲ್ಲೋ ಕೆಳಗೆ ಹೊಳೆ ಹರಿಯುವುದು ಕೇಳಿಸುತ್ತದೆ. ವರ್ಷದ ದಿನಕ್ಕೊಂದರಂತೆ 365 ನದಿಗಳಿವೆ ಎಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಎಣಿಸಿದವರನ್ನು ನಾನು ಕಾಣಲಿಲ್ಲ, ಆದರೆ ಯಾವ ದಾರಿಯಲ್ಲಿ ಹೋದರೂ ಸೇತುವೆ ದಾಟದೆ ಹೋಗಲಾಗುವುದಿಲ್ಲ.

ವಯಸ್ಸಾದವರಿಗೆ ನಾನು ಮೊದಲು ಹೇಳುವುದು ಪೋರ್ಟ್ಸ್‌ಮತ್‌ನ ಇಂಡಿಯನ್ ರಿವರ್. ಅಲ್ಲಿ ಮೋಟಾರು ದೋಣಿಗೆ ಅವಕಾಶವಿಲ್ಲ, ಹುಟ್ಟು ಹಾಕಿಯೇ ಹೋಗಬೇಕು. ಎರಡೂ ದಡದಲ್ಲಿ ಬ್ವಾ ಮಾಂಗ್ ಎಂಬ ಮರಗಳು. ಅವುಗಳ ಬೇರು ಗೋಡೆಯ ಹಾಗೆ ಎದ್ದು, ಮಡಿಕೆ ಮಡಿಕೆಯಾಗಿ ನೀರಿನೊಳಗೆ ಇಳಿದಿರುತ್ತವೆ. ನಿಮ್ಮ ಅಪ್ಪಯ್ಯನವರಿಗೆ ಹೇಳಿ, ಈ ಮರ ನಮ್ಮ ಹೊನ್ನೆ ಮರದ ಕುಲಕ್ಕೇ ಸೇರಿದ್ದು, ಟೆರೋಕಾರ್ಪಸ್. ತೊಗಟೆಗೆ ಗಾಯವಾದರೆ ಹೊನ್ನೆಯ ಹಾಗೆಯೇ ಕೆಂಪು ಸೋನೆ ಒಸರುತ್ತದೆ.

ಇನ್ನೊಂದು ಮಾತು ಸಣ್ಣದೆಂದು ಕಾಣಬಹುದು, ಆದರೆ ಮುಖ್ಯ. ಅಂಗಡಿಗೆ ಕಾಲಿಟ್ಟರೂ, ಮಿನಿಬಸ್ ಹತ್ತಿದರೂ ಮೊದಲು ‘ಗುಡ್ ಮಾರ್ನಿಂಗ್’ ಎನ್ನಬೇಕು. ಹೇಳದೆ ನೇರವಾಗಿ ಬೆಲೆ ಕೇಳಿದರೆ ಅದು ಅವಮರ್ಯಾದೆ. ನಮ್ಮ ಹಳ್ಳಿಗಳಲ್ಲಿ ಬಂದವರು ಕುಶಲ ವಿಚಾರಿಸದೆ ಕೆಲಸದ ಮಾತೆತ್ತಿದರೆ ಹೇಗೋ ಹಾಗೆ.

2017ರ ಸೆಪ್ಟೆಂಬರ್ 18ರ ರಾತ್ರಿ ಮರಿಯಾ ಚಂಡಮಾರುತ ಅತ್ಯುಗ್ರವಾದ ಐದನೆಯ ದರ್ಜೆಯಲ್ಲಿ ದ್ವೀಪದ ಮೇಲೆ ಹಾದುಹೋದಾಗ ನಾನು ಅಲ್ಲಿದ್ದೆ. ಸ್ನಾನದ ಮನೆಯಲ್ಲಿ ನಾಲ್ವರು ಕುಳಿತು ರಾತ್ರಿ ಕಳೆದೆವು. ಬೆಳಗ್ಗೆ ಹೊರಬಂದು ನೋಡಿದರೆ ಮಳೆಕಾಡು ತುಂಬಿದ್ದ ಬೆಟ್ಟಗಳಲ್ಲಿ ಒಂದೇ ಒಂದು ಹಸಿರೆಲೆ ಉಳಿದಿರಲಿಲ್ಲ. ಬೆಂಕಿ ಬಿದ್ದು ಆರಿದ ಗುಡ್ಡದಂತೆ ಎಲ್ಲ ಕಂದು ಬಣ್ಣ. ಸತ್ತವರು ಮತ್ತು ಕಾಣೆಯಾದವರು ಸೇರಿ 65 ಜನ. ನನ್ನ ಮನೆಯೊಡತಿ, ತನ್ನ ಮನೆಯ ಮಾಡು ಹಾರಿಹೋಗಿದ್ದರೂ, ಡ್ರಮ್ಮಿನಲ್ಲಿ ತುಂಬಿಟ್ಟಿದ್ದ ನೀರನ್ನು ಅಳೆದು ನಮಗೂ ಕೊಟ್ಟರು. ಕೆಲವೇ ದಿನಗಳಲ್ಲಿ ನಮ್ಮನ್ನು ದೋಣಿಯಲ್ಲಿ ಸೇಂಟ್ ಲೂಸಿಯಾಕ್ಕೆ ಸಾಗಿಸಿದರು; ಆಮೇಲೆ ಸೇಂಟ್ ಕಿಟ್ಸ್‌ನಲ್ಲಿ ಲಂಗರು ಹಾಕಿದ ಹಡಗೊಂದರಲ್ಲಿ ಪಾಠ ನಡೆಯಿತು; 2019ರ ಹೊತ್ತಿಗೆ ವಿಶ್ವವಿದ್ಯಾಲಯ ಬಾರ್ಬಡೋಸ್‌ಗೆ ಹೊರಟುಹೋಯಿತು. ನಾನು ಮತ್ತೆ ಹೋಗಲಾಗಿಲ್ಲ. ನೀವು ಪೋರ್ಟ್ಸ್‌ಮತ್‌ಗೆ ಹೋದರೆ ನಿಮಗೆ ಖಾಸಗಿಯಾಗಿ ಆ ಮನೆಯ ಗುರುತು ಬರೆಯುತ್ತೇನೆ, ದಯವಿಟ್ಟು ಒಮ್ಮೆ ನೋಡಿಬನ್ನಿ.

ಉತ್ತರ: ಟೊರಾಂಟೊದಿಂದ

ಇನ್ನೊಂದು ಬದಿಯನ್ನೂ ಹೇಳುವುದು ನ್ಯಾಯವೆಂದು ಬರೆಯುತ್ತಿದ್ದೇನೆ. 2023ರ ಜುಲೈನಲ್ಲಿ ಭಾರತ ಮತ್ತು ವೆಸ್ಟ್ ಇಂಡೀಸ್ ಟೆಸ್ಟ್ ನೋಡಲು ನಾನು ರಾಜಧಾನಿ ರೋಸೋಗೆ ಹೋಗಿದ್ದೆ. 2011ರಲ್ಲಿ ಅದೇ ವಿಂಡ್ಸರ್ ಪಾರ್ಕ್‌ನಲ್ಲಿ ಆಡಿದ್ದ ನಮ್ಮ ದ್ರಾವಿಡ್ ಈ ಸಲ ತರಬೇತುದಾರರಾಗಿ ಬಂದಿದ್ದರು, ಅದನ್ನು ನೋಡಿ ಮನಸ್ಸು ತುಂಬಿತು. ಅಶ್ವಿನ್ 12 ವಿಕೆಟ್ ಕಿತ್ತು ಪಂದ್ಯ ಮೂರೇ ದಿನಕ್ಕೆ ಮುಗಿಯಿತು. ಉಳಿದ ಎರಡು ದಿನ ನಮ್ಮ ಕುಟುಂಬಕ್ಕೆ ಕಷ್ಟವಾಯಿತು. ಮಕ್ಕಳು ಬಿಳಿ ಮರಳಿನ ಕಡಲತೀರ ನಿರೀಕ್ಷಿಸಿದ್ದರು, ಇದ್ದದ್ದು ಕಪ್ಪು ಮರಳು ಮತ್ತು ಕಲ್ಲು. ರಸ್ತೆಗಳು ಕಿರಿದು, ತಿರುವು ಜಾಸ್ತಿ, ಹಿರಿಯ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಭಾನುವಾರ ಬಸ್ಸು ಸಿಗಲಿಲ್ಲ. ಜನರ ಬಗ್ಗೆ ಒಂದು ದೂರೂ ಇಲ್ಲ, ಆದರೆ ವಾಹನದಲ್ಲಿ ತಲೆಸುತ್ತು ಬರುವವರಿದ್ದರೆ ಯೋಚಿಸಿ ಹೊರಡಿ.

ಉತ್ತರ: ಬಾರ್ಬಡೋಸ್‌ನಿಂದ

ಟೊರಾಂಟೊದವರು ಹೇಳಿದ್ದು ಸರಿಯಾಗಿದೆ. ಕಡಲತೀರ ಬೇಕಾದವರಿಗೆ ಸುತ್ತಮುತ್ತ ಬೇರೆ ಬೇಕಾದಷ್ಟು ದ್ವೀಪಗಳಿವೆ. ಡೊಮಿನಿಕಾ ಬೆಟ್ಟದ ನಾಡು. ಮೋರ್ನ್ ಡಿಯಾಬ್ಲೊಟಾನ್ ಶಿಖರ 1,447 ಮೀಟರ್ ಎತ್ತರ. ಇಷ್ಟು ಸಣ್ಣ ನೆಲದಲ್ಲಿ ಇಷ್ಟು ಎತ್ತರದ ಬೆಟ್ಟಗಳಿರುವುದರಿಂದಲೇ ಕಬ್ಬಿನ ದೊಡ್ಡ ದೊಡ್ಡ ಪ್ಲಾಂಟೇಶನ್‌ಗಳು ಇಲ್ಲಿ ಬೇರೂರಲಿಲ್ಲ, ಇತರ ದ್ವೀಪಗಳಲ್ಲಿ ಬಹುಮಟ್ಟಿಗೆ ಕಣ್ಮರೆಯಾದ ಕಲಿನಾಗೊ ಮೂಲನಿವಾಸಿಗಳು ಇಲ್ಲಿ ಉಳಿದುಕೊಂಡರು. 1493ರಲ್ಲಿ ಕೊಲಂಬಸ್ ಒಂದು ಭಾನುವಾರ ಕಂಡನೆಂದು ಡೊಮಿನಿಕಾ ಎಂಬ ಹೆಸರು ಬಂತು. ಕಲಿನಾಗೊ ಜನರ ಹೆಸರು ವೈತುಕುಬುಲಿ, ಅಂದರೆ ‘ಎತ್ತರದ ಮೈಯವಳು’.

ಕೆಲಸದ ಮೇಲೆ ಆಗಾಗ ಅಲ್ಲಿಗೆ ಹೋಗುತ್ತಿರುತ್ತೇನೆ. ಊಟದ ವಿಷಯದಲ್ಲಿ ಮಲೆನಾಡಿನವರು ಹೆದರಬೇಕಾಗಿಲ್ಲ. ಅಲ್ಲಿನ ಮಾರುಕಟ್ಟೆಯಲ್ಲಿ ಡಶೀನ್ ಎಂದು ರಾಶಿ ಹಾಕಿರುವುದು ನಮ್ಮ ಕೆಸುವಿನ ಗೆಡ್ಡೆಯೇ. ಅದರ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಮಾಡುವ ದಪ್ಪನೆಯ ಸಾರಿಗೆ ಕಲಲೂ ಎನ್ನುತ್ತಾರೆ, ಅದು ಅವರ ರಾಷ್ಟ್ರೀಯ ಖಾದ್ಯ. ಬೆಂಕಿಯಲ್ಲಿ ಸುಟ್ಟು ಸಿಪ್ಪೆ ಹೆರೆದು ತಿನ್ನುವ ಬ್ರೆಡ್‌ಫ್ರೂಟ್ ನಮ್ಮ ದೀವಿಹಲಸು, ಕರಾವಳಿಯವರ ಜೀಗುಜ್ಜೆ. ಗುಲಾಮರಿಗೆ ಅಗ್ಗದ ಆಹಾರವಾಗಲೆಂದು ಕ್ಯಾಪ್ಟನ್ ಬ್ಲೈ 1793ರಲ್ಲಿ ಟಹೀಟಿಯಿಂದ ಅದರ ಸಸಿಗಳನ್ನು ಸೇಂಟ್ ವಿನ್ಸೆಂಟ್‌ಗೆ ತಂದಿಳಿಸಿದ. ಇಂದು ಅದಿಲ್ಲದೆ ಇಲ್ಲಿನ ಅಡಿಗೆಮನೆಯೇ ಇಲ್ಲ. ಬಾಳೆಕಾಯಿ, ಗೆಣಸು, ಕುಂಬಳ, ತೆಂಗು ಎಲ್ಲವೂ ಉಂಟು. ಆದರೆ ಕಲಲೂಗೆ ಏಡಿಯನ್ನೋ ಉಪ್ಪು ಹಾಕಿದ ಹಂದಿಮಾಂಸವನ್ನೋ ಸೇರಿಸುವ ರೂಢಿ ಇರುವುದರಿಂದ ಹಿಂದಿನ ದಿನವೇ ಹೇಳಿಡಬೇಕು. ರಸ್ತಫಾರಿ ಪಂಥದವರು ನಡೆಸುವ ‘ಐಟಲ್’ ಊಟದ ಅಂಗಡಿಗಳಲ್ಲಿ ಮಾಂಸ ಬಳಸುವುದೇ ಇಲ್ಲ, ಉಪ್ಪೂ ಕಡಿಮೆ. ನಿಮ್ಮ ತಾಯಿಯವರಿಗೆ ಉಪ್ಪಿನಕಾಯಿ ಜೊತೆಗಿದ್ದರೆ ಸಾಕು.

ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಡೊಮಿನಿಕಾಕ್ಕೆ ಮುಂಚಿತವಾಗಿ ವೀಸಾ ಬೇಕಾಗಿಲ್ಲ. ನೀವು ಮಯಾಮಿಯಿಂದ ನೇರ ವಿಮಾನದಲ್ಲಿ ಬನ್ನಿ, 2021ರ ಡಿಸೆಂಬರ್‌ನಿಂದ ಅದು ಇದೆ. ಫ್ರೆಂಚ್ ದ್ವೀಪಗಳ ಮೂಲಕ ಹಡಗಿನಲ್ಲಿ ಬರುವ ಆಸೆಯಿದ್ದರೆ ಆ ದ್ವೀಪಗಳ ವೀಸಾ ಬೇರೆಯೇ ವಿಚಾರ. ಹಣ ಪೂರ್ವ ಕೆರಿಬಿಯನ್ ಡಾಲರ್; ಒಂದು ಅಮೆರಿಕನ್ ಡಾಲರ್‌ಗೆ 2.70, ಈ ದರ 1976ರಿಂದ ಬದಲಾಗಿಲ್ಲ. ವಾಹನ ನಮ್ಮಲ್ಲಿಯಂತೆ ಎಡಬದಿಯಲ್ಲಿ. ಚಳಿಗಾಲದಲ್ಲಿ ರೋಸೋ ಬಂದರಿಗೆ ದೊಡ್ಡ ಪ್ರವಾಸಿ ಹಡಗುಗಳು ಬರುವ ದಿನ ಟ್ರಫಾಲ್ಗರ್ ಜಲಪಾತ ಮತ್ತು ಎಮರಲ್ಡ್ ಪೂಲ್ ಎಂಬ ಕಾಡಿನ ಕೊಳ ಎರಡರಲ್ಲೂ ಜನ ತುಂಬಿರುತ್ತಾರೆ; ಆ ದಿನಗಳನ್ನು ವಿಚಾರಿಸಿಕೊಂಡು ನೀವು ಪೂರ್ವ ತೀರದ ಕಲಿನಾಗೊ ಪ್ರದೇಶಕ್ಕೆ ಹೋಗಿಬಿಡಿ.

ಅಲ್ಲಿಗೆ ತಪ್ಪದೆ ಹೋಗಬೇಕು. 1903ರಲ್ಲಿ ಬ್ರಿಟಿಷ್ ಆಡಳಿತಾಧಿಕಾರಿ ಹೆಸ್ಕೆತ್ ಬೆಲ್ ಅವರ ಕಾಲದಲ್ಲಿ ಗುರುತಿಸಿದ 3,700 ಎಕರೆ ಭೂಮಿ ಅದು. ಇಂದಿಗೂ ಅದು ಸಮುದಾಯದ ಸ್ವತ್ತು. ಮನೆ ಕಟ್ಟಬಹುದು, ಬೇಸಾಯ ಮಾಡಬಹುದು, ಮಾರುವಂತಿಲ್ಲ. ಅಲ್ಲಿನ ಹೆಂಗಸರು ಲರೂಮ ಎಂಬ ಜೊಂಡಿನಿಂದ ಬುಟ್ಟಿ ಹೆಣೆಯುತ್ತಾರೆ. ಬುಟ್ಟಿಯ ಕಪ್ಪು ಪಟ್ಟೆ ಬಣ್ಣ ಬಳಿದದ್ದಲ್ಲ, ಸೀಳಿದ ಜೊಂಡನ್ನು ಕೆಸರಿನಲ್ಲಿ ಹೂತಿಟ್ಟು ಕಪ್ಪಾಗಿಸಿದ್ದು. 2023ರಲ್ಲಿ ದೇಶದ ಅಧ್ಯಕ್ಷರಾದ ಸಿಲ್ವಾನಿ ಬರ್ಟನ್ ಇದೇ ಸಮುದಾಯದವರು. ಆ ಸ್ಥಾನಕ್ಕೇರಿದ ಮೊದಲ ಕಲಿನಾಗೊ, ಮೊದಲ ಮಹಿಳೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕೆಸುವಿನ ವಿಷಯ ಓದಿ ಹೇಳಿದ ಕೂಡಲೇ ಅಮ್ಮ ಹೊರಡಲು ಸಿದ್ಧರಾಗಿದ್ದಾರೆ. ಮಯಾಮಿ ಮೂಲಕ ಎಂಟು ದಿನಗಳಿಗೆ ಟಿಕೆಟ್ ಆಯಿತು. ಅಪ್ಪಯ್ಯ ಕುದಿಯುವ ಕೆರೆಯೊಂದರ ಚಿತ್ರ ನೋಡಿ ಅಲ್ಲಿಗೆ ನಡೆದೇ ಹೋಗಬೇಕೆನ್ನುತ್ತಿದ್ದಾರೆ. 68ರ ವಯಸ್ಸಿನಲ್ಲಿ ಆಗುವ ಕೆಲಸವೇ?

ಉತ್ತರ: ಮಿಶಿಗನ್‌ನಿಂದ

ಬಾಯ್ಲಿಂಗ್ ಲೇಕ್‌ಗೆ ನಾನು ಎರಡು ಸಲ ಹೋಗಿದ್ದೇನೆ. ವೈದ್ಯನಾಗಿ ಹೇಳುವುದಾದರೆ, ಬೇಡ. ಲೌಡಾ ಹಳ್ಳಿಯ ಹತ್ತಿರದ ಟಿಟೂ ಕೊರಕಲಿನಿಂದ ಹೊರಟರೆ ಹೋಗಿಬರಲು ಸುಮಾರು 13 ಕಿಲೋಮೀಟರ್. ದೂರ ದೊಡ್ಡದಲ್ಲ, ಆದರೆ ಒಂದು ಬೆಟ್ಟ ಹತ್ತಿ ಇಳಿದು ಇನ್ನೊಂದನ್ನು ಹತ್ತಬೇಕು. ಆರರಿಂದ ಎಂಟು ಗಂಟೆ ಬೇಕು. ನಡುವೆ ‘ವ್ಯಾಲಿ ಆಫ್ ಡೆಸೊಲೇಶನ್’ ಎಂಬ ಕಣಿವೆಯಲ್ಲಿ ನೆಲವೇ ಹೊಗೆಯಾಡುತ್ತದೆ, ಗಂಧಕದ ವಾಸನೆ ಮೂಗಿಗೆ ಹೊಡೆಯುತ್ತದೆ, ತೊರೆಗಳ ನೀರು ಬೂದು, ಕಪ್ಪು, ಹಾಲುಬಿಳಿ ಎಂದು ಬೇರೆ ಬೇರೆ ಬಣ್ಣದಲ್ಲಿ ಹರಿಯುತ್ತದೆ. ಎಲ್ಲಿ ಕಾಲಿಡಬೇಕೆಂದು ಗೊತ್ತಿರುವ ಮಾರ್ಗದರ್ಶಿಯಿಲ್ಲದೆ ಯಾರೂ ಅಲ್ಲಿ ಓಡಾಡಬಾರದು. ಕೊನೆಗೆ ಸುಮಾರು 60 ಮೀಟರ್ ಅಗಲದ ಕೆರೆ, ಅಂಚಿನ ನೀರೇ 80 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ನಡುವೆ ಅನ್ನದ ಎಸರಿನಂತೆ ಕೊತಕೊತ ಕುದಿಯುತ್ತದೆ. ಕೆಳಗಿನ ಶಿಲಾಪಾಕದ ಶಾಖದಿಂದ ಏಳುವ ಅನಿಲ ಮತ್ತು ಆವಿ ನೀರನ್ನು ಹಾಗೆ ಎತ್ತಿ ಹಿಡಿದಿರುತ್ತವೆ. 2004ರ ಡಿಸೆಂಬರ್‌ನಲ್ಲಿ ಕೆರೆ ಬರಿದಾಗಿ ಮತ್ತೆ ತುಂಬಿಕೊಂಡಿತ್ತು.

ಅಪ್ಪಯ್ಯನವರಿಗೆ ವೊಟನ್ ವೇವನ್ ಹಳ್ಳಿಯ ಗಂಧಕದ ಬಿಸಿನೀರಿನ ಸ್ನಾನ ಮಾಡಿಸಿ. ಎಮರಲ್ಡ್ ಪೂಲ್‌ಗೆ ಕಾಡಿನೊಳಗೆ ಸ್ವಲ್ಪವೇ ನಡಿಗೆ. ಸಿಂಡಿಕೇಟ್ ಎಂಬಲ್ಲಿ ಮುಂಜಾನೆ ಹೋದರೆ ದೇಶದ ಧ್ವಜದ ಮೇಲಿರುವ ಸಿಸರೂ ಗಿಳಿ ಕಾಣಿಸುವ ಸಾಧ್ಯತೆ ಇದೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಆ ಹಕ್ಕಿ ಮರಿಯಾ ಚಂಡಮಾರುತದ ನಂತರ ಬಹಳ ವಿರಳವಾಗಿಬಿಟ್ಟಿದೆ.

ಈಗ ಆ ಕುದಿಯುವ ಕೆರೆಯ ಸಮೀಪಕ್ಕೆ ರೋಸೋ ಕಣಿವೆಯಿಂದ ಆರು ಕಿಲೋಮೀಟರಿಗೂ ಉದ್ದದ ಕೇಬಲ್ ಕಾರ್ ಕಟ್ಟುವ ಯೋಜನೆ ಕೈಗೆತ್ತಿಕೊಂಡಿದ್ದಾರೆ. 1997ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೋರ್ನ್ ಟ್ವಾ ಪಿಟೋನ್ ಉದ್ಯಾನಕ್ಕೆ ಸೇರಿದ ಕೆರೆ ಅದು. ನನಗೆ ಇದು ನೋವಿನ ಸಂಗತಿ. ಕಷ್ಟಪಟ್ಟು ನಡೆದವನಿಗೆ ಮಾತ್ರ ಕಾಣುವ ಜಾಗವೊಂದು ದ್ವೀಪದಲ್ಲಿ ಉಳಿದಿರಲಿ ಎಂಬುದು ನನ್ನ ಆಸೆ.

ಉತ್ತರ: ಬಾರ್ಬಡೋಸ್‌ನಿಂದ

ಈ ಆಸೆ ನನಗೂ ಇದೆ, ಆದರೆ ಅದನ್ನು ಅಲ್ಲಿಯವರ ಮುಂದೆ ಹೇಳಲು ನನಗೆ ಬಾಯಿ ಬರುವುದಿಲ್ಲ. ನನ್ನೊಡನೆ ಕೆಲಸ ಮಾಡುವ ಡೊಮಿನಿಕಾದವರೊಬ್ಬರು ಒಮ್ಮೆ ಹೇಳಿದರು: ‘ನಮ್ಮ ಊರು ಶಾಂತವಾಗಿದೆ ಎಂದು ನೀವೆಲ್ಲ ಹೊಗಳುತ್ತೀರಿ. ನನ್ನ ತರಗತಿಯ ಹುಡುಗರಲ್ಲಿ ಅರ್ಧದಷ್ಟು ಜನ ಊರು ಬಿಟ್ಟಿರುವುದರಿಂದ ಅದು ಶಾಂತವಾಗಿದೆ.’ ಆ ಮಾತನ್ನು ನಾನು ಮರೆತಿಲ್ಲ.

ಬಾಳೆಯೇ ಅಲ್ಲಿನ ಬದುಕಾಗಿದ್ದ ಕಾಲವೊಂದಿತ್ತು. ಅದನ್ನು ‘ಹಸಿರು ಚಿನ್ನ’ ಎನ್ನುತ್ತಿದ್ದರು. ಬೆಟ್ಟದ ಇಳಿಜಾರಿನಲ್ಲಿ ಎರಡು ಮೂರು ಎಕರೆ ಮಾಡಿಕೊಂಡಿದ್ದ ರೈತರ ಗೊನೆಗೆ ಬ್ರಿಟನ್‌ನಲ್ಲಿ ಮೀಸಲು ಮಾರುಕಟ್ಟೆ ಇತ್ತು. ಲ್ಯಾಟಿನ್ ಅಮೆರಿಕದ ದೊಡ್ಡ ತೋಟಗಳ ಪರವಾಗಿ ಅಮೆರಿಕ ಮತ್ತು ಕೆಲವು ದೇಶಗಳು ಹೂಡಿದ ದೂರಿನ ಮೇಲೆ ವಿಶ್ವ ವ್ಯಾಪಾರ ಸಂಸ್ಥೆ 1997ರಲ್ಲಿ ಐರೋಪ್ಯ ಒಕ್ಕೂಟದ ಆ ಏರ್ಪಾಡಿಗೆ ವಿರುದ್ಧವಾಗಿ ತೀರ್ಪು ಕೊಟ್ಟಿತು. ಬಯಲಿನಲ್ಲಿ ಯಂತ್ರದಿಂದ ಬೆಳೆದ ಬಾಳೆಯ ಬೆಲೆಗೆ ಬೆಟ್ಟದಲ್ಲಿ ಹೊತ್ತು ಇಳಿಸುವ ಬಾಳೆ ಸಮನಾಗಲು ಹೇಗೆ ಸಾಧ್ಯ? ಒಂದೇ ಬೆಳೆಯನ್ನು ನಂಬಿ ಬದುಕಿದ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಮೇಲೆ 2015ರ ಎರಿಕಾ ಬಿರುಗಾಳಿ. ಗುಡ್ಡ ಜರಿದು ಪೆಟೀಟ್ ಸವಾನ್ ಎಂಬ ಇಡೀ ಊರನ್ನೇ ತೆರವು ಮಾಡಿ ಬೇರೆಡೆಗೆ ಸ್ಥಳಾಂತರಿಸಬೇಕಾಯಿತು. ಎರಡೇ ವರ್ಷಕ್ಕೆ ಮರಿಯಾ. ಅದರ ನಷ್ಟ ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಎರಡು ಪಟ್ಟಿಗೂ ಮಿಗಿಲು. ಹೀಗಿರುವಾಗ ವೆಸ್ಲಿಯ ಬಳಿ ದೊಡ್ಡ ವಿಮಾನ ನಿಲ್ದಾಣ ಕಟ್ಟುತ್ತೇವೆ, ಪ್ರವಾಸಿಗರು ಬರಲಿ, ಮಕ್ಕಳಿಗೆ ಊರಿನಲ್ಲೇ ಕೆಲಸ ಸಿಗಲಿ ಎಂದು ಅವರು ಬಯಸಿದರೆ ಬೇಡವೆನ್ನಲು ನಾವು ಯಾರು?

ಹಾಗೆಂದು ಕೇಬಲ್ ಕಾರನ್ನು ನಾನು ಒಪ್ಪಿದೆನೆಂದಲ್ಲ. ಹಡಗಿನಿಂದ ಇಳಿದು, ಮೇಲೆ ಹೋಗಿ, ಮಧ್ಯಾಹ್ನಕ್ಕೆ ಹಡಗಿಗೇ ಮರಳುವವರು ಹಳ್ಳಿಯಲ್ಲಿ ಒಂದು ಎಳನೀರನ್ನೂ ಕೊಳ್ಳುವುದಿಲ್ಲ. ನಡೆದು ಹೋಗುವವರಿಂದ ಲೌಡಾದ ಮಾರ್ಗದರ್ಶಿಗಳ ಮನೆ ನಡೆಯುತ್ತದೆ. ದ್ವೀಪದ ಉದ್ದಕ್ಕೂ ಹಬ್ಬಿರುವ, 180 ಕಿಲೋಮೀಟರಿಗೂ ಹೆಚ್ಚಿನ ವೈತುಕುಬುಲಿ ಕಾಲುದಾರಿ, 2023ರ ನವೆಂಬರ್‌ನಲ್ಲಿ ಘೋಷಿಸಿದ ಸುಮಾರು 800 ಚದರ ಕಿಲೋಮೀಟರ್ ವಿಸ್ತಾರದ ಸ್ಪರ್ಮ್ ತಿಮಿಂಗಿಲ ರಕ್ಷಿತ ಕಡಲು, ಇವೆಲ್ಲ ಅವರೇ ಯೋಚಿಸಿ ಮಾಡಿಕೊಂಡ ದಾರಿಗಳು. ನಾವು ಹೋಗುವವರು ಊರಿನವರ ಮನೆಯಲ್ಲೇ ಉಳಿದು, ಊರಿನವರ ಕೈಯಡಿಗೆ ಉಂಡು, ಊರಿನವರ ದೋಣಿಯನ್ನೇ ಹತ್ತಿದರೆ ಆ ದಾರಿಗೆ ನಮ್ಮಿಂದ ಅಷ್ಟಾದರೂ ನೆರವಾದೀತು.

ಪ್ರಶ್ನೆ ಕೇಳಿದವರಿಂದ, ಮರಳಿ ಬಂದ ಮೇಲೆ

ಹೋಗಿಬಂದು ವಾರವಾಯಿತು, ವಿವರವಾಗಿ ಬರೆಯುವುದು ನನ್ನ ಕರ್ತವ್ಯ. ವಿಮಾನ ನಿಲ್ದಾಣದಿಂದ ಕಾಡಿನ ನಡುವೆ ಬರುವಾಗ ತಿರುವುಗಳು ನಿಜಕ್ಕೂ ಕಠಿಣ, ಟೊರಾಂಟೊದವರ ಎಚ್ಚರಿಕೆಯಿಂದಾಗಿ ಅಮ್ಮನಿಗೆ ಮೊದಲೇ ಮಾತ್ರೆ ಕೊಟ್ಟಿದ್ದೆ. ನಾಲ್ಕು ದಿನ ರೋಸೋ ಕಣಿವೆಯಲ್ಲಿ, ನಾಲ್ಕು ದಿನ ಪೋರ್ಟ್ಸ್‌ಮತ್‌ನಲ್ಲಿ ಊರಿನವರ ಮನೆಗಳಲ್ಲೇ ಉಳಿದೆವು.

ಎರಡನೆಯ ದಿನ ಮನೆಯೊಡತಿ ಡಶೀನ್ ಎಲೆ ಹೆಚ್ಚುತ್ತಿದ್ದಾಗ ಅಮ್ಮ ಹೋಗಿ ಪಕ್ಕದಲ್ಲಿ ಕುಳಿತರು. ಅಮ್ಮನಿಗೆ ಇಂಗ್ಲಿಷ್ ಬಾರದು. ಎಲೆ ತೋರಿಸಿ, ಗಂಟಲು ಕೆರೆದು ತೋರಿಸಿ, ತುರಿಕೆಗೆ ಏನು ಮಾಡುತ್ತೀರಿ ಎಂದು ಸನ್ನೆಯಲ್ಲೇ ಕೇಳಿದರು. ಆಕೆ ನಗುತ್ತಾ ಎಲೆಯ ಹಿಂಬದಿಯ ದಪ್ಪ ನಾರನ್ನು ಎಳೆದು ತೆಗೆದು, ಒಲೆ ತೋರಿಸಿ, ತುಂಬ ಹೊತ್ತು ಬೇಯಬೇಕು ಎಂದು ಕೈಯಲ್ಲೇ ಹೇಳಿದರು. ಮರುದಿನ ಅಮ್ಮ ಮಾರುಕಟ್ಟೆಯಿಂದ ಹುಣಸೆ ಹುಡುಕಿ ತಂದು, ಅದೇ ಎಲೆಯಿಂದ ಕರಕಲಿ ಮಾಡಿದರು. ಆ ಮನೆಯ ಮೊಮ್ಮಕ್ಕಳು ಒಂದೊಂದೇ ಬೆರಳು ಅದ್ದಿ ನೋಡಿ, ಆಮೇಲೆ ಬಟ್ಟಲನ್ನೇ ಖಾಲಿ ಮಾಡಿದರು.

ಎಮರಲ್ಡ್ ಪೂಲ್ ದಾರಿಯಲ್ಲಿ ಅಪ್ಪಯ್ಯ ಇದ್ದಕ್ಕಿದ್ದಂತೆ ನಿಂತು ಕೈ ಎತ್ತಿದರು. ಮೇಲೆಲ್ಲೋ ಒಂದು ಹಕ್ಕಿ ಒಂದೇ ಉದ್ದನೆಯ ಸ್ವರದಲ್ಲಿ ಸಿಳ್ಳೆ ಹಾಕಿ ಸುಮ್ಮನಾಗುತ್ತಿತ್ತು. ಸಿಫ್ಲೆ ಮೊಂಟಾನ್, ಅಂದರೆ ಬೆಟ್ಟದ ಸಿಳ್ಳೆಗಾರ ಎಂದು ಮಾರ್ಗದರ್ಶಿ ಹೇಳಿದ. ‘ನಮ್ಮ ಸಿಳ್ಳಾರ ಹಾಡು ಬೆಳೆಸ್ತದೆ, ಇದು ಒಂದೇ ಎಳೆ ಹಿಡಿದು ನಿಲ್ಲಿಸ್ತದೆ’ ಎಂದರು ಅಪ್ಪಯ್ಯ. ಸೋನೆ ಮಳೆಯಲ್ಲಿ ಕೊಡೆಯನ್ನೂ ಬಿಚ್ಚದೆ ಹದಿನೈದು ನಿಮಿಷ ನಿಂತೇ ಇದ್ದರು. ಕುದಿಯುವ ಕೆರೆಯ ಮಾತನ್ನು ಆಮೇಲೆ ಎತ್ತಲಿಲ್ಲ. ಸಿಸರೂ ಗಿಳಿ ನಮಗೆ ಕಾಣಲಿಲ್ಲ.

ಮಿಶಿಗನ್‌ನವರಿಗೆ: ನೀವು ಬರೆದ ಗುರುತು ಹಿಡಿದು ಹೋದೆವು, ಮನೆ ಸಿಕ್ಕಿತು. ಮಾಡಿಗೆ ಹೊಸ ತಗಡು, ಮುಂದಿದ್ದ ಮಾವಿನ ಮರದ ಒಂದು ಪಕ್ಕ ಮಾತ್ರ ಚಿಗುರಿದೆ. ಮನೆಯೊಡತಿಗೆ ಈಗ ಕಿವಿ ಸ್ವಲ್ಪ ಮಂದ, ಉಳಿದಂತೆ ಆರೋಗ್ಯವಾಗಿದ್ದಾರೆ. ನಿಮ್ಮ ಹೆಸರು ಹೇಳಿದ ಕೂಡಲೇ ಒಳಗೆ ಹೋಗಿ ಒಂದು ರಟ್ಟಿನ ಪೆಟ್ಟಿಗೆ ತಂದರು. ನೀವು ಬಿಟ್ಟುಹೋದ ಪುಸ್ತಕಗಳು. ನೆನೆದಿದ್ದವನ್ನು ಆ ವರ್ಷವೇ ಹಗ್ಗದ ಮೇಲೆ ಹರವಿ ಒಣಗಿಸಿ ಇಟ್ಟಿದ್ದಾರಂತೆ. ನಾನು ತರುತ್ತೇನೆ ಎಂದೆ, ಕೊಡಲಿಲ್ಲ. ನೀವೇ ಬಂದು ತೆಗೆದುಕೊಂಡು ಹೋಗಬೇಕಂತೆ.